ಮಡ್ಡಿ ಮೇಲಿನ ಮನೆ

ಫೆಬ್ರುವರಿ 9, ರವಿವಾರ

ಮೊನ್ನೆ ಹೊಲದ ಖರೀದಿ ಮುಗಿಯಿತು. ಇವತ್ತು ಡ್ಯೂಟಿ ಇರಲಿಲ್ಲ, ಎಲ್ಲರೂ ಸೇರಿ ನಮ್ಮ ಹೊಲಕ್ಕೆ ಹೋಗಿ ನಿಂತೆವು. ನಮ್ಮ ಹೊಲ ಎಂದು ಬರೆಯುವಾಗಲೂ ಕೈ ಒಂದು ಗಳಿಗೆ ತಡೆಯುತ್ತದೆ. ನನ್ನ ಗಂಡ ಕಾಂತುವಿನ ಮನೆತನದಲ್ಲಿ ಇದುವರೆಗೆ ಯಾರಿಗೂ ಗೇಣು ಭೂಮಿ ಇರಲಿಲ್ಲ. ಕುರಿ ಹಿಂದೆ ಮುದ್ದೇಬಿಹಾಳದಿಂದ ಇಂಡಿಯವರೆಗೆ ನಡೆಯುವುದು, ಯಾರದೋ ಹೊಲದಲ್ಲಿ ಹಿಂಡು ನಿಲ್ಲಿಸುವುದು, ಮತ್ತೆ ನಡೆಯುವುದು. ನನ್ನ ತವರಿನವರು ಮಾತ್ರ ಒಂದು ತಲೆಮಾರು ಮೊದಲೇ ಕುರಿ ಮಾರಿ ಸಿಂದಗಿಯಲ್ಲಿ ನೆಲೆ ನಿಂತರು. ಅದರಿಂದಲೇ ನಾನು ಓದಿದೆ, ಬಾಗೇವಾಡಿಯಲ್ಲಿ ಬಸ್ ಕಂಡಕ್ಟರ್ ಆದೆ. ಬಾಯಲ್ಲಿ ಗಂಡನಿಗೆ ‘ಏನ್ರಿ’ ಅನ್ನುತ್ತೇನೆ. ಇಲ್ಲಿ ಯಾರು ಓದುತ್ತಾರೆ, ಹೆಸರೇ ಬರೆಯುತ್ತೇನೆ.

ಇಂಗಳೇಶ್ವರದ ರಸ್ತೆಗೆ ಹತ್ತಿದ ಮುಂದಿನ ಅರ್ಧ ಕಪ್ಪು ಮಣ್ಣಿನ ಎರೆ ಭೂಮಿ. ಹಿಂದಿನ ಅರ್ಧ ಬರೀ ಕಲ್ಲಿನ ಮಡ್ಡಿ. ಮಡ್ಡಿ ಇದ್ದುದರಿಂದಲೇ ನಮ್ಮಂಥವರ ಕೈಗೆ ಎಟುಕಿತು.

ಮಾವ ಗುರಲಿಂಗಪ್ಪ ಹೊಲದ ನಡುವೆ ನಿಂತು ಸುತ್ತ ನೋಡಿದರು. “ಹಿಂಡಿನ್ಯಾಗ ಅರ್ಧ ಮಾರಿ ಇದನ್ನ ತಗೊಂಡ್ರಿ. ಕುರಿ ಮರಿ ಹಾಕತೈತಿ. ಹೊಲ ಏನ ಹಾಕತೈತಿ?”

ಕಾಂತು ನಕ್ಕ. ನಾನು ನಗಲಿಲ್ಲ. ರಸ್ತೆಯ ಬದಿಗೆ ನಿಂತು, “ಇಲ್ಲೇ ಮನಿ,” ಎಂದೆ. ಸ್ಲ್ಯಾಬಿನ ಮನೆ, ಮೇಲೆ ಹತ್ತಲು ಮೆಟ್ಟಿಲು, ಮುಂದೆ ಕಬ್ಬಿಣದ ಗೇಟು. ಬಸ್ಸಿನಿಂದ ಕಾಣಬೇಕು. ಕುರಿ ಹಟ್ಟಿ ಹಿಂದೆ ದೂರ ಮಡ್ಡಿಯ ಮೇಲೆ. ಅತ್ತೆ ಮಾವ ಊರಿಗೆ ಬಂದಾಗ ಇರಲಿಕ್ಕೆ ಹಟ್ಟಿಯ ಪಕ್ಕದಲ್ಲೇ ಒಂದು ತಗಡಿನ ಮಾಡು ಹಾಕಿದರಾಯಿತು. ನನ್ನ ಮನೆಯೊಳಗೆ ಕುರಿಯ ವಾಸನೆ ಬರಕೂಡದು.

ಫೆಬ್ರುವರಿ 25, ಮಂಗಳವಾರ

ಬ್ಯಾಂಕಿನವರು ಆಗುವುದಿಲ್ಲ ಎಂದರು. ಅದು ಹೊಲ, ಪ್ಲಾಟ್ ಅಲ್ಲ, ಎನ್ಎ ಅಂದರೆ ಕೃಷಿಯೇತರ ಎಂದು ಬದಲಾಗಿಲ್ಲ, ಹೊಲದ ಮೇಲೆ ಮನೆ ಸಾಲ ಇಲ್ಲ. ಅಲ್ಲಿಂದ ಚಾವಡಿಗೆ ಹೋಗಿ ಗ್ರಾಮ ಲೆಕ್ಕಿಗರನ್ನು ಕೇಳಿದೆ. “ಹೊಲದ ಮಾಲಕರು ತಾವು ಇರಾಕ ಒಂದು ಸಣ್ಣ ಮನಿ ಕಟ್ಕೊಬಹುದ್ರಿ ಬಾಯಾರ. ಬಾಡಗಿ ಕೊಡೂದು, ಮಾರೂದು ನಡ್ಯಂಗಿಲ್ಲ,” ಎಂದರು. ಸಣ್ಣ ಮನೆ. ಸರಿ.

ಅಣ್ಣ ಸಂಗಮೇಶನಿಗೆ ಫೋನು ಮಾಡಿದೆ. ಸಿಂದಗಿಯಲ್ಲಿ ಅವನದು ಸಿಮೆಂಟಿನ ಅಂಗಡಿ, ಮನೆ ಕಟ್ಟುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆಯದು. “ಎರಡ ವರ್ಷ ತಡಿ ಸುರೇಖಾ. ಕಟ್ಟಿದ್ರ ಸ್ಲ್ಯಾಬಿನ ಮನೀನ ಕಟ್ಟೂಣು. ಆತುರ ಏನೈತಿ?”

ಆತುರ ಏನೂ ಇಲ್ಲ. ಅಣ್ಣ ಹೇಳಿದ ಹಾಗೆ ಮಾಡೋಣ ಎಂದುಕೊಂಡೆ.

ಮಾರ್ಚ್ 4, ಮಂಗಳವಾರ

ಅತ್ತೆ ಶೇವಂತೆವ್ವ ಬಿದ್ದರು. ಹಿಂಡು ಮುದ್ದೇಬಿಹಾಳದ ಕಡೆ ಇತ್ತು, ಕಾಲುವೆ ದಾಟುವಾಗ ಕಾಲು ಜಾರಿತಂತೆ. ಮೊಣಕಾಲು ಊದಿ ಕುಂಬಳಕಾಯಿ ಆಗಿದೆ. ಡಾಕ್ಟರು ಎಕ್ಸ್-ರೇ ಫೋಟೊ ತೆಗೆದು ನೋಡಿ, ಮೂಳೆ ಸವೆದಿದೆ, ಇನ್ನು ಹಿಂಡಿನ ಹಿಂದೆ ನಡೆಯುವುದು ಮುಗಿಯಿತು ಎಂದರು. ಅತ್ತೆಗೆ ಅದು ತಿಳಿಯಲಿಲ್ಲವೋ, ತಿಳಿದೂ ತಿಳಿಯದ ಹಾಗಿದ್ದರೋ. “ಯಾವಾಗ ಹೋಗೂಣು?” ಎಂದು ಕಾಂತುವನ್ನು ಕೇಳುತ್ತಲೇ ಇದ್ದರು.

ಬಾಗೇವಾಡಿಯ ನಮ್ಮ ಬಾಡಿಗೆ ಕೋಣೆಗೆ ಕರೆತಂದೆ. ಬೇರೆಲ್ಲಿಗೆ ಕರೆದೊಯ್ಯಲಿ?

ಮಾರ್ಚ್ 11, ಮಂಗಳವಾರ

ಕೋಣೆ ಒಂದೇ. ಅತ್ತೆ ಬಾಗಿಲ ಹತ್ತಿರ ಕಂಬಳಿ ಹಾಸಿಕೊಳ್ಳುತ್ತಾರೆ. ಒಳಗೆ ಬನ್ನಿ ಎಂದರೆ ಉಸಿರು ಕಟ್ಟುತ್ತದೆ ಅನ್ನುತ್ತಾರೆ. ಕೋಳಿ ಕೂಗುವ ಮೊದಲೇ ಎದ್ದು ಕುಳಿತು ಉಣ್ಣೆ ನೂಲುತ್ತಾರೆ. ಕಂಬಳಿಯ ವಾಸನೆ ನನ್ನ ಖಾಕಿಗೂ ಹತ್ತಿದೆ. ನಿನ್ನೆ ಸೋಪಿನ ಪುಡಿಯಲ್ಲಿ ಎರಡು ಸಲ ನೆನೆಸಿದೆ.

ಮನೆ ಮಾಲಕರು ಬಂದರು. “ಬಾಯಾರ, ನಾ ಕೋಣಿ ಕೊಟ್ಟಿದ್ದು ಗಂಡಾ ಹೆಂಡ್ತಿಗೆ. ಕಂಬಳಿ, ಕೋಲು, ಮುದುಕಿ, ಇದೆಲ್ಲಾ ಮಾತಾಗಿರಲಿಲ್ಲ.”

“ನಮ್ಮತ್ತಿ ಇಲ್ಲೇ ಇರ್ತಾರ್ರಿ,” ಎಂದೆ.

“ಹಂಗಾರ ಮೇ ತಿಂಗಳ ಮುಗಿಯೂದ್ರಾಗ ಖಾಲಿ ಮಾಡ್ರಿ.”

“ಆತ್ರಿ,” ಎಂದುಬಿಟ್ಟೆ. ಅತ್ತೆ ಎಲ್ಲ ಕೇಳಿಸಿಕೊಂಡು ನೂಲುತ್ತಲೇ ಇದ್ದರು.

ಬೇರೆ ಕೋಣೆ ಹುಡುಕಬಹುದು. ಅಲ್ಲಿಯೂ ಒಬ್ಬ ಮಾಲಕ ಇದ್ದೇ ಇರುತ್ತಾನೆ. ಇಲ್ಲ. ಮಳೆಗೆ ಮೊದಲು ಮನೆ ಕಟ್ಟುತ್ತೇನೆ.

ಮಾರ್ಚ್ 19, ಬುಧವಾರ

ನನ್ನಷ್ಟು ಮನೆ ನೋಡುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಒಂದು ದಿನ ಇಂಡಿ, ಒಂದು ದಿನ ಮುದ್ದೇಬಿಹಾಳ, ಒಂದು ದಿನ ಸಿಂದಗಿ. ಇಷ್ಟು ವರ್ಷ ಟಿಕೆಟು ಕೊಡುತ್ತ ಹೊರಗೆ ನೋಡಿರಲಿಲ್ಲ, ಈಗ ನೋಡುತ್ತೇನೆ. ನಿಂಬೆ ತೋಟ ಇರುವ ಇಂಡಿಯ ಕಡೆ ನಾಲ್ಕೂ ಗೋಡೆ ತಗಡಿನ ಮನೆಗಳು, ವಾರದಲ್ಲಿ ಎದ್ದು ನಿಲ್ಲುತ್ತವೆ. ಸಿಂದಗಿ ರಸ್ತೆಯಲ್ಲಿ ಒಬ್ಬರು ಲಾರಿಯ ಕಂಟೇನರ್ ಡಬ್ಬಿ ತಂದು ಕಿಟಕಿ ಕೊರೆಸಿ ಮನೆ ಮಾಡಿಕೊಂಡಿದ್ದಾರೆ. ಬಸ್ಸು ಆ ಊರಲ್ಲಿ ನಿಂತಾಗ ಇಳಿದು ಓಡಿ ಹೋಗಿ, ಬಾಗಿಲಲ್ಲಿದ್ದ ಹೆಣ್ಣುಮಗಳನ್ನು ಕೇಳಿದೆ.

“ಹ್ಯಾಂಗೈತ್ರಿ ಒಳಗ?”

“ಚಳಿಗಾಲಕ್ಕ ಅರಮನಿ. ಈಗ ಒಳಗ ರೊಟ್ಟಿ ಹಾಸಿದ್ರ ಅಲ್ಲೇ ಸುಟ್ಟ ಬರ್ತಾವ,” ಎಂದಳು.

ಡ್ರೈವರು ಹಾರ್ನು ಹೊಡೆಯುತ್ತಿದ್ದ. ಓಡಿ ಬಂದು ಹತ್ತಿದೆ. ಡಬ್ಬಿ ಬೇಡ.

ಮಾರ್ಚ್ 23, ರವಿವಾರ

ಗೌಂಡಿ ಮಾನಪ್ಪನನ್ನು ಕರೆದುಕೊಂಡು ಹೋಗಿ ರಸ್ತೆಯ ಬದಿಗೆ ಪಾಯದ ಗುಂಡಿ ತೋಡಿಸಿದೆವು. ಆಳು ಸೊಂಟದ ತನಕ ಇಳಿದ, ಎರೆ. ಎದೆಯ ತನಕ ಇಳಿದ, ಎರೆ. ತಲೆ ಕಾಣದಾದ ಮೇಲೂ ಗುದ್ದಲಿಗೆ ಗಟ್ಟಿ ಗರಸು ಸಿಗಲಿಲ್ಲ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನಿಂತ ಗೋಡೆ ಸೀಳುತ್ತದೆ.

“ಇಲ್ಲಿ ಕಟ್ಟಬೇಕಂದ್ರ ಮನಿಗಿಂತ ಪಾಯಾಕ್ಕ ಜಾಸ್ತಿ ಹೋಗತೈತ್ರಿ,” ಎಂದ ಮಾನಪ್ಪ.

ಕಾಂತು ಹಿಂದಿನ ಮಡ್ಡಿಗೆ ಹೋಗಿ ಹಾರೆ ಹಾಕಿದ. ಎರಡೇ ಏಟಿಗೆ ಟಣ್ ಅಂದಿತು. ದೂರದಿಂದಲೇ ಕೂಗಿದ, “ಪಾಯಾ ದೇವರ ಹಾಕಿ ಇಟ್ಟಾನ ಬಾ!”

ಮಡ್ಡಿಯ ಮೇಲೆ ಎಂದರೆ ಕುರಿ ಹಟ್ಟಿಯ ಮಗ್ಗುಲಿಗೆ. ಬಸ್ಸಿನಿಂದ ಏನೂ ಕಾಣುವುದಿಲ್ಲ. ಸಂಜೆಯವರೆಗೆ ಗುಂಡಿಯಿಂದ ಮಡ್ಡಿಗೆ, ಮಡ್ಡಿಯಿಂದ ಗುಂಡಿಗೆ ಅಡ್ಡಾಡಿದೆ. ಆಮೇಲೆ ಮಾನಪ್ಪನಿಗೆ ಹೇಳಿದೆ, ಮಡ್ಡಿಯ ಮೇಲೆಯೇ ಸುಣ್ಣದ ಗೆರೆ ಹಾಕು ಅಂತ. ಕಲ್ಲು ಅಲ್ಲೇ ಬಿದ್ದಿವೆ, ಕೊಳ್ಳಬೇಕಾಗಿಲ್ಲ. ಗೋಡೆ ಕಲ್ಲು ಮಣ್ಣಿನದು, ಸಂದಿಗೆ ಮಾತ್ರ ಸಿಮೆಂಟು, ಮೇಲೆ ತಗಡು.

ಮಾರ್ಚ್ 30, ಯುಗಾದಿ

ಅಣ್ಣ ಬಂದಿದ್ದ. ಬೇವು ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಬೈದ. “ನಮ್ಮಪ್ಪ ಕಲ್ಲು ಮಣ್ಣಿನ ಮನಿ ಬಿಡಾಕ ಎಷ್ಟ ಬಡದಾಡಿದಾ, ನೀ ಮತ್ತ ಅದಕ್ಕ ಹೊಂಟಿ? ತಗಡಿನ ಮನಿ ಕಟ್ಟಿದ್ರ ನಾ ಹೊಸಲಿ ತುಳಿಯಂಗಿಲ್ಲ, ನೋಡು.”

“ಎರಡ ವರ್ಷ ನಮ್ಮತ್ತಿನ ಎಲ್ಲಿ ಇಡ್ಲಿ ಅಣ್ಣಾ?”

“ಅವರ ಮಂದಿ ಇದ್ದಾರಲ್ಲ.”

“ನಾನ ಅವರ ಮಂದಿ.”

ಅಣ್ಣ ಊಟ ಮಾಡದೆ ಹೋದ. ಮಾಡಿದ ಹೋಳಿಗೆ ಉಳಿಯಿತು.

ಏಪ್ರಿಲ್ 8, ಮಂಗಳವಾರ

ಸೊಂಟ ನೋವು. ಕಲ್ಲು ಹೊತ್ತೆ. ಮಲಗುತ್ತೇನೆ.

ಏಪ್ರಿಲ್ 13, ರವಿವಾರ

ಗೋಡೆ ಮೊಣಕಾಲುದ್ದ ಬಂದಿದೆ. ಡ್ಯೂಟಿ ಇಲ್ಲದ ದಿನ ಅತ್ತೆಯನ್ನೂ ಟಂಟಂ ಆಟೊದಲ್ಲಿ ಕರೆದುಕೊಂಡು ಹೋಗುತ್ತೇನೆ. ಕೋಣೆಯಲ್ಲಿ ಒಬ್ಬರೇ ಕೂತರೆ ಮಾಲಕರ ಹೆಂಡತಿ ಏನಾದರೂ ಅನ್ನುತ್ತಾಳೆ. ಬೇವಿನ ನೆರಳಲ್ಲಿ ಕೂಡಿಸುತ್ತೇನೆ. ಮಾನಪ್ಪ ದಾರ ಹಿಡಿಯುವಾಗ ಒಂದು ತುದಿ ಅವರ ಕೈಗೆ ಕೊಡುತ್ತಾನೆ. ಅವರು ದಾರ ಹಿಡಿದರೆ ನೊಣ ಕೂತರೂ ಕೈ ಅಲುಗುವುದಿಲ್ಲ.

ಇವತ್ತು ಸುಮ್ಮನೆ ಕೇಳಿದೆ, “ಅತ್ತಿ, ನೀವು ಎಲ್ಲಿ ಮಲಗತೀರಿ?”

“ಎಲ್ಲಿ ಹಾಸಿದ್ರ ಅಲ್ಲಿ.”

“ಹಂಗಲ್ಲರಿ. ಎಲ್ಲಿ ಬೇಕು ಹೇಳ್ರಿ.”

ಅರ್ಧ ಎದ್ದ ಗೋಡೆಯ ಕಡೆ ನೋಡಿದರು. ಆಮೇಲೆ ಅಂದರು, “ಗ್ವಾಡಿ ಕಡೆ. ಬೆನ್ನಿಗೆ ಗ್ವಾಡಿ ಇರ್ಲಿ. ಇಷ್ಟು ದಿನಾ ಬೆನ್ನಿಗೆ ಗಾಳಿ ಇತ್ತು.”

ಏಪ್ರಿಲ್ 24, ಗುರುವಾರ

ಮುದ್ದೇಬಿಹಾಳದಲ್ಲಿ ಬಸ್ಸು ಅರ್ಧ ತಾಸು ನಿಲ್ಲುತ್ತದೆ. ಸ್ಟ್ಯಾಂಡಿನ ಹಿಂದೆ ಜೈತುನಬಿ ಎಂಬ ಹೆಂಗಸಿನ ಹಳೆ ಕಟ್ಟಿಗೆಯ ಅಡ್ಡೆ ಇದೆ. ಕೆಡವಿದ ಮನೆಗಳ ಬಾಗಿಲು, ತೊಲೆ, ಕಂಬ ರಾಶಿ ಬಿದ್ದಿವೆ. ನಾನು ಒಂದು ಬಾಗಿಲು ನೋಡಿದೆ. ಚೌಕಟ್ಟಿನ ಸಮೇತ ತೇಗಿನದು.

“ಇದು ಹೊಳಿ ದಂಡಿ ಊರಂದು. ಡ್ಯಾಮಿನ ನೀರು ಬರೂಕ್ಕಿಂತ ಮೊದಲ ಬಿಚ್ಚಿ ತಂದಿದ್ರು. ಮಕ್ಕಳು ಈಗ ಕಬ್ಬಿಣದ ಬಾಗಲಾ ಹಾಕ್ಸಿ ಇದನ್ನ ಮಾರಿದ್ರು,” ಎಂದಳು ಜೈತುನಬಿ. “ಯಾರ ಮನಿಗೆ?”

“ನಮ್ಮ ಮನಿಗ್ರಿ.”

“ಮನ್ಯಾಗ ಯಾರ್ಯಾರು?”

“ನಾವಿಬ್ಬರು, ಅತ್ತಿ, ಮಾವ. ಮತ್ತ ಕುರಿ.”

ಜೈತುನಬಿ ಜೋರಾಗಿ ನಕ್ಕಳು. “ಹಂಗಾರ ಅಗಲ ಬಾಗಲಾನ ಬೇಕು ಬಿಡು.” ಹಾಗಂತ ಬೆಲೆಯಲ್ಲಿ ಏನೂ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕಡೆಗೆ ಚಿಲಕ ಸೇರಿಸಿ ಕೊಟ್ಟಳು. ಬಾಗಿಲು ನಮ್ಮ ಬಸ್ಸಿನ ಮೇಲೆಯೇ ಬಂತು. ಲಗೇಜಿನ ಟಿಕೆಟ್ಟು ನನಗೆ ನಾನೇ ಹರಿದುಕೊಂಡೆ.

ಮೇ 4, ರವಿವಾರ

ತಗಡು ಏರಿತು! ಮುಂದೆ ಒಂದು ಪಡಸಾಲೆ, ಹಿಂದೆ ಒಳಕೋಣೆ, ಮಗ್ಗುಲಿಗೆ ಅಡುಗೆಯ ಜಾಗ. ಮಾವ ಬಾಗಿಲು ಪಡುವಣಕ್ಕೇ ಇರಬೇಕೆಂದು ಹಟ ಹಿಡಿದರು, ಕೂತಲ್ಲಿಂದ ಹಟ್ಟಿ ಕಾಣಬೇಕಂತೆ. ಮಾನಪ್ಪ ಮೂಡಣಕ್ಕೆ ಇರಲಿ ಎಂದ. ಹಿರಿಯರ ಮಾತು ಎಂದು ನಾನು ಪಡುವಣಕ್ಕೇ ಒಪ್ಪಿದೆ. ನೆಲ ಇನ್ನೂ ಮಣ್ಣು, ಗೋಡೆಗೆ ಸಿಮೆಂಟಿನ ಗಿಲಾವು ಇಲ್ಲ. ಆದರೂ ತಲೆಯ ಮೇಲೆ ಒಂದು ಸೂರು ಇದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಅಣ್ಣನಿಗೆ ಕಳಿಸಿದೆ. ನೋಡಿದ, ಏನೂ ಬರೆಯಲಿಲ್ಲ.

ಮೇ 13, ಮಂಗಳವಾರ

ಎಲ್ಲ ಹೋಯಿತು.

ಮೇ 14, ಬುಧವಾರ

ನಿನ್ನೆ ಬರೆಯಲಿಕ್ಕೆ ಆಗಲಿಲ್ಲ. ಮಧ್ಯಾಹ್ನ ಪಡುವಣದಿಂದ ಕೆಂಪು ಧೂಳು ಎದ್ದು ಬಂತಂತೆ. ನಾನು ಇಂಡಿಯಲ್ಲಿದ್ದೆ. ಗಾಳಿ ತೆರೆದ ಬಾಗಿಲಿನೊಳಗೆ ಹೊಕ್ಕು ತಗಡನ್ನು ಒಳಗಿನಿಂದ ಎತ್ತಿತು. ಕೊಕ್ಕೆಗಳೆಲ್ಲ ದಾರದ ಹಾಗೆ ಬಿಚ್ಚಿಕೊಂಡವು. ಪಡಸಾಲೆಯ ತಗಡು ಒಂದೂ ಉಳಿಯಲಿಲ್ಲ, ಒಳಕೋಣೆಯದೂ ಹೋಯಿತು. ಒಂದು ತಗಡು ಗಬ್ಬದ ಕುರಿಯ ಮೇಲೆ ಬಿತ್ತು. ಅದು ಉಳಿಯಲಿಲ್ಲ. ಮಂದಿಗೆ ಏನೂ ಆಗಿಲ್ಲ.

ಇವತ್ತು ಡ್ಯೂಟಿ ಬದಲಿಸಿಕೊಂಡು ಹೋದೆ. ಗೋಡೆ ಗಟ್ಟಿ ನಿಂತಿದೆ, ಒಂದು ಕಲ್ಲೂ ಕದಲಿಲ್ಲ. ಪಕ್ಕದ ದಾಳಿಂಬೆ ತೋಟದ ಸರ್ಫರಾಜ ತನ್ನ ಹೊಲದಲ್ಲಿ ಬಿದ್ದಿದ್ದ ತಗಡುಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದ. “ನಾಕು ಗಿಡಾ ಮುರದಾವ್ರಿ. ಅದೇನ ನೀವು ಮುರದದ್ದಲ್ಲ,” ಎಂದು ಇಳಿಸಿ ಹೋದ.

ಮಾವ ಸತ್ತ ಕುರಿಯ ಪಕ್ಕ ಕೂತಿದ್ದರು. “ಬಾಗಲಾ ನಾನ ಇತ್ತಾಗ ಇಡಿಸಿದ್ನ್ಯಲ್ಲ,” ಎಂದರು.

“ಒಪ್ಪಿದಾಕಿ ನಾನರಿ,” ಎಂದೆ.

ಅಷ್ಟರಲ್ಲಿ ಅಣ್ಣ ಬಂದ. ಯಾರು ಸುದ್ದಿ ಹೇಳಿದರೋ. ಸುತ್ತ ಒಂದು ಸಲ ತಿರುಗಿದ, ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. “ನಡಿ ಸುರೇಖಾ. ಅತ್ತಿನ್ನೂ ಕರಕೊಂಡ ಸಿಂದಗಿಗೆ ನಡಿ. ಮ್ಯಾಲ ಒಂದ ಕೋಣಿ ಖಾಲಿ ಐತಿ. ಮುಂದಿನ ವರ್ಷ ಎಲ್ಲಾ ಕೆಡವಿ ಚೊಲೊ ಕಟ್ಟೂಣು.”

ಅಣ್ಣ ಮನಸ್ಸಿನಿಂದಲೇ ಹೇಳಿದ. ಒಂದು ಗಳಿಗೆ ನನಗೂ ಹೋಗಿಬಿಡೋಣ ಅನ್ನಿಸಿತು. ಅವನ ಮನೆಯ ಮೇಲಿನ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಅತ್ತೆ ಹತ್ತಿದರೆ ಇಳಿಯುವುದಿಲ್ಲ.

“ಅಣ್ಣಾ, ಕೆಡವೂದು ಬ್ಯಾಡ. ಗ್ವಾಡಿ ಗಟ್ಟಿ ಐತಿ. ತಾಳಿಕೋಟಿ ದಾರ್‍ಯಾಗ ಹಳೀ ಮನಿ ನೋಡೀನಿ, ಮ್ಯಾಲ ತೊಲಿ ಇಟ್ಟು ಹಾಸುಗಲ್ಲು ಹಾಕ್ಯಾರ. ಆ ಕಲ್ಲ ಯಾವ ಗಾಳಿ ಎತ್ತತೈತಿ? ನನಗ ಸಂದಿ ತುಂಬಾಕ ನಾಕು ಚೀಲ ಸಿಮೆಂಟ್ ಕಳಸು. ಸಾಕು.”

“ಕಲ್ಲಿನ ಮ್ಯಾಲ ಕಲ್ಲಾ?” ಎಂದ ಅಣ್ಣ.

ಸುದ್ದಿ ಕೇಳಿ ಬಂದಿದ್ದ ಮಾನಪ್ಪ ಗೋಡೆಯ ದಪ್ಪ ನೋಡಿ ತಲೆದೂಗಿದ. “ಒಳಕೋಣಿಗೆ ಆಗತೈತ್ರಿ ಬಾಯಾರ. ಇಡೀ ಮನಿಗೆ ತೊಲಿ ಎಲ್ಲಿಂದ ತರ್‍ತೀರಿ?”

“ಒಳಕೋಣಿಗೆ ಹಾಕು. ಪಡಸಾಲಿಗೆ ಉಳಿದ ತಗಡ ಹಾಕು, ಕಬ್ಬಿಣದ ಪಟ್ಟಿ ಹೊಡದು ಗ್ವಾಡ್ಯಾಗ ಬಿಗಿ. ಸೊಟ್ಟಾದವು ಹಟ್ಟಿಗೆ. ಈ ಬಾಗಲಾ ಮುಚ್ಚಿ ಮೂಡಣಕ್ಕ ತಗಿ.”

ಆಮೇಲೆ ನೋಡಿದರೆ ಅಣ್ಣ, ಕಾಂತು, ಮಾನಪ್ಪ, ಮಾವ ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ಮುಖಕ್ಕೆ ಧೂಳು ಹತ್ತಿತ್ತೋ ಏನೋ, ಸೆರಗಿನಿಂದ ಒರೆಸಿಕೊಂಡೆ.

ಮೇ 20, ಮಂಗಳವಾರ

ಜೈತುನಬಿಯ ಅಡ್ಡೆಯಿಂದ ತೊಲೆ ಬಂದವು. ತಾಳಿಕೋಟಿಯಿಂದ ಹಾಸುಗಲ್ಲು ಸರ್ಫರಾಜನ ಟ್ರ್ಯಾಕ್ಟರಿನಲ್ಲಿ ಬಂತು. ಒಂದೊಂದು ಕಲ್ಲು ಏರಿಸುವಾಗಲೂ ಕೆಳಗೆ ನಿಂತವರು ಹಿಂದೆ ಸರಿಯುತ್ತಾರೆ. ಕಾಂತು ಹಿಂಡನ್ನು ದೂರ ಒಯ್ಯದೆ ಇಲ್ಲೇ ಸುತ್ತ ಮೇಯಿಸಿಕೊಂಡು ಕೆಲಸಕ್ಕೆ ಕೈ ಜೋಡಿಸುತ್ತಿದ್ದಾನೆ. ಕೈಯೆಲ್ಲ ಬೊಕ್ಕೆ. “ಕುರಿ ಕಾಯೂದು ಹಗರ ಕೆಲಸ ಅಂತ ಇವತ್ತ ಗೊತ್ತಾತು,” ಎಂದ.

ಒಳಕೋಣೆ ಅತ್ತೆಗೆ. ಅಲ್ಲಿ ತಂಪು, ಮೆಟ್ಟಿಲೂ ಇಲ್ಲ, ಗೋಡೆಯೂ ದಪ್ಪ. ನಾವು ಪಡಸಾಲೆಯಲ್ಲಿ ಮಲಗಿದರೆ ಬೆಳಿಗ್ಗೆ ಡ್ಯೂಟಿಗೆ ಏಳಲಿಕ್ಕೂ ಅನುಕೂಲ.

ಮೇ 27, ಮಂಗಳವಾರ

ಇಂಗಳೇಶ್ವರದಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು ಟಿಕೆಟ್ ತಗೊಳ್ಳುತ್ತ ಕೇಳಿದಳು, “ಮಡ್ಡಿ ಮ್ಯಾಲ ಮನಿ ಕಟ್ಟಾಕತ್ತಾರಲ್ಲ, ಆ ಬಾಯಾರು ನೀವ ಏನ್ರಿ? ನಮ್ಮದೂ ಹೊಲದಾಗ ಒಂದ ಕಟ್ಟೂದೈತಿ. ನಮ್ಮವರು ರಸ್ತಾದ ಕಡೆ ಎರಿಯಾಗ ಅಂತಾರ.”

ಬಾಗೇವಾಡಿ ಬರುವ ತನಕ ಹೇಳಿದೆ. ಮೊದಲು ಗುಂಡಿ ತೋಡಿ ನೋಡಿ, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ, ಹೊಲದಲ್ಲೇ ಏನು ಸಿಗುತ್ತದೆ ನೋಡಿ. ಮೂರು ಸ್ಟಾಪಿನಲ್ಲಿ ಹತ್ತಿದವರಿಗೆ ಟಿಕೆಟು ಕೊಡುವುದು ತಡವಾಯಿತು. ಡ್ರೈವರು ಕನ್ನಡಿಯಲ್ಲಿ ನೋಡಿ ನಗುತ್ತಿದ್ದ.

ಜೂನ್ 1, ರವಿವಾರ

ಕೋಣೆ ಖಾಲಿ ಮಾಡಿದೆವು. ಕೀಲಿ ಕೊಡುವಾಗ ಮಾಲಕರು, “ಎಲ್ಲಿ ಹಿಡಿದ್ರಿ ಬಾಡಗಿ ಮನಿ?” ಎಂದರು. “ಬಾಡಗಿ ಅಲ್ರಿ,” ಎಂದೆ. ಅಷ್ಟೇ ಹೇಳಿದೆ.

ಅಣ್ಣ ನಾಲ್ಕು ಚೀಲ ಕೇಳಿದರೆ ಎಂಟು ಕಳಿಸಿದ್ದ. ಇವತ್ತು ತಾನೂ ಬಂದ. ಬಾಗಿಲಲ್ಲಿ ಸ್ವಲ್ಪ ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದ. ಒಳಕೋಣೆಯಲ್ಲಿ ತಲೆ ಎತ್ತಿ ಬಹಳ ಹೊತ್ತು ನೋಡಿದ. “ತಂಪ ಐತಿ,” ಎಂದ. ಎರಡು ಸಲ ನೀಡಿಸಿಕೊಂಡು ಊಟ ಮಾಡಿದ.

ಗಿಲಾವು ಇಲ್ಲ, ಕರೆಂಟು ಇಲ್ಲ. ನೀರು ಸರ್ಫರಾಜನ ಬೋರಿನಿಂದ. ಇನ್ನೂ ಬಹಳ ಇದೆ. ಮಾವ ಹೊರಗೆ ಹಟ್ಟಿಯ ಬಾಗಿಲಲ್ಲೇ ಮಲಗುತ್ತಾರೆ. ಒಳಗೆ ಕರೆದರೆ, “ಕುರಿ ಹೊರಗ ಅದಾವಲ್ಲ,” ಅನ್ನುತ್ತಾರೆ. ಇರಲಿ.

ಜೂನ್ 12, ಗುರುವಾರ

ನಿನ್ನೆ ಕಾರಹುಣ್ಣಿಮೆ. ಕತ್ತಲಾಗುತ್ತಲೇ ಮಳೆ ಹಿಡಿಯಿತು, ಗುಡುಗು, ಗಾಳಿ ಎಲ್ಲ. ಪಡಸಾಲೆಯ ತಗಡು ಡೋಲು ಬಡಿದ ಹಾಗೆ ಬಡಿಯಿತು. ಒಂದೂ ಏಳಲಿಲ್ಲ. ಅಡುಗೆಯ ಮೂಲೆಯಲ್ಲಿ ಸೋರಿತು, ಕೊಡಪಾನ ಇಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ನೂಲಲಿಕ್ಕೆ ಕೂತಿಲ್ಲ. ಹೊರಗೂ ಇಲ್ಲ. ಒಳಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಮಲಗಿಯೇ ಇದ್ದಾರೆ. ನಾನು ಮದುವೆಯಾಗಿ ಬಂದಾಗಿನಿಂದ ಹೊತ್ತು ಏರಿದ ಮೇಲೆ ಅತ್ತೆ ಮಲಗಿದ್ದನ್ನು ಕಂಡಿಲ್ಲ. ಓಡಿ ಹೋಗಿ ಹಣೆ ಮುಟ್ಟಿದೆ.

“ಅತ್ತಿ! ಏನ ಆಗೇತ್ರಿ? ಕಾಲ ನೋಯಾಕತ್ತೇತೇನ್ರಿ?”

ಅತ್ತೆ ಕಣ್ಣು ತೆರೆದರು. “ಏನೂ ಆಗಿಲ್ಲ,” ಎಂದರು. ಆಮೇಲೆ ಮೇಲಿನ ಕಲ್ಲು ನೋಡುತ್ತ ನಿಧಾನ ಹೇಳಿದರು, “ಮಳಿ ಬಂತಂದ್ರ ಏಳಬೇಕು. ಎದ್ದು, ಮರಿ ಕಂಬಳ್ಯಾಗ ಹಾಕ್ಕೊಂಡು, ಬೆಳಕ ಹರಿಯೂ ತನಕ ನಿಂತಿರಬೇಕು. ನಮ್ಮವ್ವನೂ ನಿಂತಾಳ, ನಾನೂ ನಿಂತೇನಿ. ನಿನ್ನಿ ಸಪ್ಪಳ ಕೇಳಿ ಏಳಾಕ ಹ್ವಾದೆ. ಮೈ ಮುಟ್ಟಿ ನೋಡ್ಕೊಂಡೆ, ತೊಯ್ದಿಲ್ಲ. ಕಂಬಳಿ ಮುಟ್ಟಿದೆ, ಅದೂ ತೊಯ್ದಿಲ್ಲ. ಹಂಗಾರ ಯಾಕ ಏಳ್ಲಿ ಅಂತ ಮಲಗಿದೆ.”

ಕಂಬಳಿ ಎಳೆದುಕೊಂಡು ಕೇಳಿದರು, “ಇನ್ನೊಂದೀಟು ಮಲಗ್ಲೇನ?”

“ಮಲಗ್ರಿ,” ಎಂದೆ.

ಕಾಂತು, ಮಾವ ತೊಯ್ದು ತೊಪ್ಪೆಯಾಗಿ ಹಟ್ಟಿಯ ನೀರು ಹೊರಗೆ ಹಾಕುತ್ತಿದ್ದರು. ನಾನು ಖಾಕಿಯಲ್ಲೇ ಇಳಿದು ಮರಿಗಳನ್ನು ಒಂದೊಂದೇ ಎತ್ತಿ ಪಡಸಾಲೆಗೆ ತಂದು ಬಿಟ್ಟೆ. ಎಲ್ಲ ಸೇರಿ ಮೂಲೆಯಲ್ಲಿ ಗುಂಪಾಗಿ ನಿಂತವು. ಬಾಗಿಲು ಎಳೆದುಕೊಂಡು, ರಸ್ತೆಗೆ ಓಡಿ, ಬಂದ ಬಸ್ಸಿಗೆ ಕೈ ಮಾಡಿದೆ. ಡ್ಯೂಟಿಗೆ ತಡವಾಯಿತು. ಡಿಪೋದಲ್ಲಿ ಕಾರಣ ಬರೆಸಿಕೊಂಡರು.